ಗೋಡೆಗೆ ಸೀಗೆಪುಡಿ

ನಮ್ಮ ಮನೆಯಲ್ಲಿ ಇವತ್ತು ಯಾವ ತಿಥಿ ಎಂದು ತಿಳಿಯಬೇಕಾದವರು ಕುಕ್ಕರಗಾಲಿನಲ್ಲಿ ಕೂರಬೇಕು. ಪಡಸಾಲೆಯ ಕ್ಯಾಲೆಂಡರು ನನ್ನ ಸೊಂಟದೆತ್ತರದ ಒಂದು ಮೊಳೆಗೆ ತೂಗಿಕೊಂಡಿದೆ. ಏಕಾದಶಿ, ಅಮಾವಾಸ್ಯೆ, ಸರಕಾರಿ ರಜೆ ಎಲ್ಲವೂ ಮೊಣಕಾಲಿನ ಆಸುಪಾಸಿನಲ್ಲಿ ನಡೆಯುತ್ತವೆ. ತಿಂಗಳ ಕೊನೆಯ ವಾರ ಆಗಾಗ ಪೊರಕೆಗೆ ತಾಗುತ್ತದೆ.

ಬಂದವರು ಮೊದಮೊದಲು ಕೇಳುತ್ತಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನಿಗೆ ಉತ್ತರ ಕೊಡದೆ ತಲೆಯಾಡಿಸುವುದು ಬಹಳ ಚೆನ್ನಾಗಿ ಬರುತ್ತದೆ. ನಮ್ಮ ಓಣಿಯ ಒಬ್ಬರು ಇದು ವಾಸ್ತುವೇ ಸರಿ ಎಂದು ತೀರ್ಮಾನಿಸಿ ತಮ್ಮ ಮನೆಯಲ್ಲೂ ಕ್ಯಾಲೆಂಡರನ್ನು ಕೆಳಕ್ಕಿಳಿಸಿದರೆಂದು ಕೇಳಿದ್ದೇನೆ. ಅವರಿಗೆ ಅದರಿಂದ ಒಳ್ಳೆಯದಾಗಿದ್ದರೆ ನನ್ನ ತಕರಾರೇನೂ ಇಲ್ಲ.

ನಿಜ ಏನೆಂದರೆ, ನಾವು ಹೋದ ವರ್ಷ ಕಡಿಮೆ ಖರ್ಚಿನಲ್ಲಿ ಮನೆಯನ್ನು ಹೊಸದು ಮಾಡಿದೆವು. ಆ ಮಹಾಕಾರ್ಯದ ನೆನಪಿಗಾಗಿ ಉಳಿದಿರುವುದು ಈ ಮೊಳೆ.

ಹೊಸದುರ್ಗದ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಈ ಮನೆಯನ್ನು ಕಟ್ಟಿಸಿದವರು ನಮ್ಮಪ್ಪ. ಅವರು ತೆಂಗಿನಕಾಯಿ ದಲ್ಲಾಳಿ. ತೋಟದವರು, ಕೊಳ್ಳುವವರು, ಸುಮ್ಮನೆ ನೋಡುವವರು ಎಲ್ಲರೂ ಬಂದು ಕೂರುತ್ತಿದ್ದದ್ದು ಪಡಸಾಲೆಯಲ್ಲಿ. ಕುರ್ಚಿ ಎಂಬುದು ಆಗ ನಮ್ಮ ಮನೆಯಲ್ಲಿ ಡಾಕ್ಟರು ಬಂದರೆ ಹಾಕುವ ಸಾಮಾನು. ಉಳಿದವರಿಗೆ ನೆಲ, ನೆಲದ ಮೇಲೆ ಚಾಪೆ, ಚಾಪೆಯ ಹಿಂದೆ ಗೋಡೆ. ವ್ಯಾಪಾರದ ಮಾತು ಬೇಗ ಮುಗಿಯುವಂಥದ್ದಲ್ಲ. ಮಾತು ಬೆಳೆದ ಹಾಗೆ ಬೆನ್ನು ಗೋಡೆಗೆ ಹೋಗುತ್ತಿತ್ತು, ಬೆನ್ನಿನ ಹಿಂದೆಯೇ ತಲೆಯೂ ಹೋಗುತ್ತಿತ್ತು. ಆ ಕಾಲದ ತಲೆಗಳಲ್ಲಿ ವಿಚಾರ ಎಷ್ಟಿತ್ತೋ ಗೊತ್ತಿಲ್ಲ, ಎಣ್ಣೆ ಧಾರಾಳವಾಗಿತ್ತು.

ಹೀಗಾಗಿ ನಮ್ಮ ಪಡಸಾಲೆಯ ಗೋಡೆಯ ಮೇಲೆ, ಕೂತವರ ತಲೆಯೆತ್ತರಕ್ಕೆ, ಎಣ್ಣೆಕಲೆಗಳ ಒಂದು ಸಾಲು ಏರ್ಪಟ್ಟಿತು. ಹೊರಗಿನವರಿಗೆ ಅದು ಕೊಳೆ. ನಮಗೆ ಯಾವುದು ಯಾರದೆಂದು ಗೊತ್ತಿತ್ತು. ಬಾಗಿಲ ಎಡಕ್ಕೆ ಮೊದಲನೆಯದು ಅಪ್ಪನದು. ಅಂಗೈಯಗಲ, ದುಂಡಗೆ, ಹರಳೆಣ್ಣೆಯ ಗಾಢ ಬಣ್ಣ. ಅದರ ಪಕ್ಕದ್ದು ತೋಟದ ರುದ್ರಪ್ಪನವರದು. ಅವರು ಎತ್ತರದ ಆಳಾದ್ದರಿಂದ ಕಲೆಯೂ ನಾಲ್ಕು ಬೆರಳು ಮೇಲೆ. ಮೂರನೆಯದು ನಮ್ಮ ಚಿಕ್ಕಪ್ಪನದು. ಅದು ದುಂಡಗಿರಲಿಲ್ಲ, ಎಡದಿಂದ ಬಲಕ್ಕೆ ಎಳೆದ ಪಟ್ಟಿಯ ಹಾಗಿತ್ತು. ಏಕೆಂದರೆ ಚಿಕ್ಕಪ್ಪ ಜೀವಮಾನವೆಲ್ಲ ಯಾರು ಏನೇ ಹೇಳಿದರೂ ಗೋಡೆಗೆ ತಲೆ ಆನಿಸಿಕೊಂಡೇ ಆಗಲ್ಲ, ಆಗಲ್ಲ ಎಂದು ಅಲ್ಲಾಡಿಸುತ್ತಿದ್ದ.

ನನ್ನದೂ ಒಂದಿತ್ತು. ಅದು ಬಾಲ್ಯದಲ್ಲಿ ಕೆಳಗೆ ಶುರುವಾಗಿ ವರ್ಷ ವರ್ಷ ಮೇಲಕ್ಕೇರುತ್ತ, ಎಸ್ಸೆಸ್ಸೆಲ್ಸಿಯ ಹೊತ್ತಿಗೆ ನಿಂತುಬಿಟ್ಟಿತು. ನನ್ನ ಇತರ ಬೆಳವಣಿಗೆಗಳ ವಿಚಾರದಲ್ಲೂ ಮನೆಯವರು ಇದನ್ನೇ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ತಲೆಯ ಮೇಲೆ ಕೂದಲಿಲ್ಲದ್ದರಿಂದ ಎಣ್ಣೆಯೂ ಇಲ್ಲ, ಹೊಸ ಸೇರ್ಪಡೆಯೂ ಇಲ್ಲ.

ಎಣ್ಣೆ ಎಂದಾಗ ಶನಿವಾರಗಳನ್ನು ಹೇಳದೆ ಮುಂದೆ ಹೋಗಲಾರೆ. ಶನಿವಾರ ಬೆಳಿಗ್ಗೆ ಅವ್ವ ನಮ್ಮನ್ನು ಹಿತ್ತಲ ಬಿಸಿಲಿನಲ್ಲಿ ಸಾಲಾಗಿ ಕೂರಿಸಿ ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟುತ್ತಿದ್ದಳು. ಆ ತಟ್ಟುವಿಕೆಯಲ್ಲಿ ವಾರವಿಡೀ ನಾವು ಮಾಡಿದ ಎಲ್ಲ ತಂಟೆಗಳ ವಿಚಾರಣೆಯೂ ಅಡಕವಾಗಿರುತ್ತಿತ್ತು. ಆಮೇಲೆ ‘ಎಣ್ಣೆ ಇಳಿಯೋತನಕ ಗ್ವಾಡೆಗೆ ಒರಗಬ್ಯಾಡ್ರಲೇ’ ಎಂದು ಹೇಳಿ ಒಳಗೆ ಹೋಗುವಳು. ನಾವು ಗೋಡೆಗೆ ಒರಗುವೆವು. ಎಣ್ಣೆ ಇಳಿದ ಮೇಲೆ ಬಚ್ಚಲಲ್ಲಿ ಸೀಗೆಪುಡಿ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೂ ಸೀಗೆಪುಡಿ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಿತ್ತು. ಇವತ್ತಿಗೂ ಯಾರಾದರೂ ಚೊಂಬಿನಲ್ಲಿ ಬಿಸಿನೀರು ಎತ್ತಿದರೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ಮಾರ್ನೋಮಿಗೆ ಮೊದಲು ಮನೆಗೆ ಸುಣ್ಣ. ಸುಣ್ಣಕ್ಕೆ ಚಿಟಿಕೆ ನೀಲಿ. ಕಲೆಗಳೆಲ್ಲ ಮಾಯವಾಗಿ ಪಡಸಾಲೆ ಒಗೆದ ಪಂಚೆಯ ಹಾಗೆ ಹೊಳೆಯುತ್ತಿತ್ತು. ದೀಪಾವಳಿಯ ಹೊತ್ತಿಗೆ ಅಪ್ಪನ ಕಲೆ ಹಾಜರು. ಸಂಕ್ರಾಂತಿಗೆ ರುದ್ರಪ್ಪನವರು. ಯುಗಾದಿಗೆ ಚಿಕ್ಕಪ್ಪನೂ ಬಂದು ಆಗಲ್ಲ ಎನ್ನುತ್ತಿದ್ದ. ಅಪ್ಪ ಹೋಗಿ, ರುದ್ರಪ್ಪನವರು ಹೋಗಿ, ಚಿಕ್ಕಪ್ಪನೂ ಕೊನೆಗೊಮ್ಮೆ ಒಪ್ಪಿಕೊಂಡು ಹೋದ ಮೇಲೂ ಈ ಹಾಜರಿ ತಪ್ಪಲಿಲ್ಲ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ನಮ್ಮ ಸಿದ್ದೇಶನಿಗೆ ಹೆಣ್ಣು ಹುಡುಕಲು ಶುರುಮಾಡುವ ತನಕ.

ಸಿದ್ದೇಶ ನಮ್ಮ ಒಬ್ಬನೇ ಮಗ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಹುಡುಗ. ಮೋಟರುಗಳ ಜೊತೆ ಚೆನ್ನಾಗಿ ಮಾತಾಡುತ್ತಾನೆ, ಮನುಷ್ಯರ ಜೊತೆ ಅಗತ್ಯವಿದ್ದರೆ ಮಾತ್ರ. ಮೂವತ್ತು ದಾಟಿತ್ತು. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರದಷ್ಟೇ ಗಟ್ಟಿಯಾದದ್ದು ಮನೆ ನೋಡುವ ಶಾಸ್ತ್ರ. ನಾವು ಹೋಗಿ ಹುಡುಗಿಯನ್ನು ನೋಡಿ ಬಂದ ಮೇಲೆ ಅವರು ಬಂದು ನಮ್ಮ ಮನೆ ನೋಡಬೇಕು. ನೋಡಲು ಬಂದವರು ಟೀ ಕುಡಿಯಬಹುದು, ಮಂಡಕ್ಕಿ ತಿನ್ನಬಹುದು. ಊಟ ಮಾತ್ರ ಮಾಡುವ ಹಾಗಿಲ್ಲ. ಗಂಡಿನ ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಸಂಬಂಧ ಒಪ್ಪಿಗೆಯಾಯಿತೆಂದೇ ಲೆಕ್ಕ. ಆಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಎರಡು ಕಡೆಯವರು ಬಂದು, ಮಂಡಕ್ಕಿ ತಿಂದು, ಹೋಗಿ, ಸುಮ್ಮನಾಗಿದ್ದರು. ಮೊದಲನೆಯ ತಂಡದಲ್ಲಿದ್ದ ಒಬ್ಬ ಹೆಂಗಸು ಗೋಡೆಯ ಕಡೆ ನೋಡಿ, ತನ್ನ ಕುರ್ಚಿಯನ್ನು ಅರ್ಧ ಅಡಿ ಮುಂದಕ್ಕೆ ಎಳೆದುಕೊಂಡಿದ್ದಳು. ಆ ಅರ್ಧ ಅಡಿಯನ್ನು ನನ್ನ ಹೆಂಡತಿ ಗಿರಿಜಾ ಮರೆಯಲಿಲ್ಲ.

ಮೂರನೆಯದು ಹಿರಿಯೂರಿನ ಹತ್ತಿರ ಬಬ್ಬೂರಿನ ಸಂಬಂಧ. ಹುಡುಗಿ ಶಾಲೆಯೊಂದರಲ್ಲಿ ಟೀಚರು. ಅವಳನ್ನು ನೋಡಿ ಬಂದ ಮಾರನೆಯ ದಿನ ಸಿದ್ದೇಶ ಅಂಗಡಿಯಲ್ಲಿ ತಂತಿ ಸುತ್ತುತ್ತ ಸಿಳ್ಳೆ ಹಾಕುತ್ತಿದ್ದನಂತೆ. ಇದನ್ನು ಮೂರು ಜನ ಬೇರೆ ಬೇರೆಯಾಗಿ ಬಂದು ನಮಗೆ ವರದಿ ಮಾಡಿದರು. ಗಿರಿಜಾ ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ ಹೇಳಿದಳು:

“ಈ ಸಂಬಂಧ ಗ್ವಾಡೆ ದೆಸೆಯಿಂದ ತಪ್ಪಿದ್ರೆ ನಾನು ಸುಮ್ನಿರಾಕಿಲ್ಲ ನೋಡ್ರಿ.”

“ಗೋಡೆ ನೋಡಿ ಯಾರಾದರೂ ಹೆಣ್ಣು ಕೊಡ್ತಾರೇನೆ?”

“ಕೊಡಾಕಿಲ್ಲ. ಗ್ವಾಡೆ ನೋಡಿ ಬ್ಯಾಡ ಅಂತಾರೆ.”

ನಾನು ತಲೆಯಾಡಿಸಿದೆ.

ಗಿರಿಜಾ ಫೋನಿನಲ್ಲಿ ವಿಡಿಯೋ ನೋಡಲು ಶುರುಮಾಡಿದಳು. ಕಡಿಮೆ ಖರ್ಚಿನಲ್ಲಿ ಮನೆಯನ್ನು ಹೊಸದಾಗಿ ಕಾಣಿಸುವುದು ಹೇಗೆ ಎಂದು ಒಬ್ಬ ಹೆಣ್ಣುಮಗಳು ನಗುನಗುತ್ತ ಹೇಳಿಕೊಡುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ಚೆನ್ನಾಗಿತ್ತು. ಆದರೆ ಆ ಮನೆಯಲ್ಲಿ ಜನರೇ ಇರಲಿಲ್ಲ. ಚಪ್ಪಲಿ ಇಲ್ಲ, ಟವೆಲ್ ಇಲ್ಲ, ಮೂಲೆಯಲ್ಲಿ ಕಾಯಿರಾಶಿ ಇಲ್ಲ. ಸೋಫಾದ ಮೇಲೆ ದಿಂಬುಗಳೇ ಕೂತಿದ್ದವು. ಇಷ್ಟು ಚೊಕ್ಕಟ ಮಾಡಬೇಕಾದರೆ ಮೊದಲು ನಾವೆಲ್ಲ ಎಲ್ಲಿಗಾದರೂ ಹೋಗಬೇಕಲ್ಲ ಎಂದೆ. ಗಿರಿಜಾ ನನ್ನನ್ನು ನೋಡಿದ ರೀತಿಯಲ್ಲಿ ಆ ಸಲಹೆಯನ್ನು ಪರಿಶೀಲನೆಗೆ ತೆಗೆದುಕೊಂಡಂತಿತ್ತು.

ಕೆಲಸ ಶುರುವಾಯಿತು. ಗಿರಿಜಾಳ ಹಳೆಯ ರೇಷ್ಮೆ ಸೀರೆಗಳು ಕಿಟಕಿಗೆ ಪರದೆಯಾದವು. ನಮ್ಮ ಮದುವೆಯಲ್ಲಿ ಅವಳು ಉಟ್ಟಿದ್ದ ಸೀರೆಯ ಹಿಂದಿನಿಂದ ಈಗ ಬೀದಿನಾಯಿಗಳು ಓಡಾಡುವುದು ಕಾಣಿಸುತ್ತಿತ್ತು. ಸಿದ್ದೇಶ ಅಂಗಡಿಯಿಂದ ಸುಟ್ಟ ಮೋಟರುಗಳ ಖಾಲಿ ಚಿಪ್ಪುಗಳನ್ನು ತಂದು, ಹಸಿರು ಬಣ್ಣ ಬಳಿದು, ಮಣ್ಣು ತುಂಬಿ ಬಳ್ಳಿ ನೆಟ್ಟ. ಬಾಗಿಲ ಎರಡೂ ಕಡೆ ಐದು ಎಚ್‌ಪಿಯ ಎರಡು ಹೂಕುಂಡಗಳು ನಿಂತವು. ಪಡಸಾಲೆಯ ಸಾಮಾನುಗಳನ್ನೆಲ್ಲ, ಅಂದರೆ ಕಾಯಿರಾಶಿ, ಅಪ್ಪನ ತಕ್ಕಡಿ, ಒಂದು ಕಾಲಿಲ್ಲದ ಮಂಚ, ಗೋಣಿಚೀಲಗಳು, ನನ್ನ ಹಳೆಯ ಸೈಕಲ್ಲು, ಎಲ್ಲವನ್ನೂ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಗೆ ತುಂಬಿ ಬಾಗಿಲು ಹಾಕಿದೆವು. ಬಾಗಿಲು ಹಾಕಿಕೊಳ್ಳಲಿಲ್ಲ. ಸಿದ್ದೇಶ ಹೆಗಲು ಕೊಟ್ಟು ತಳ್ಳಿ ಚಿಲಕವನ್ನು ಮೋಟರಿನ ತಂತಿಯಿಂದ ಬಿಗಿದ.

ಉಳಿದದ್ದು ಗೋಡೆ. ಬಣ್ಣದವನನ್ನು ಕರೆಸಿದರೆ ಕೈಗೆ ಸಿಗುವಂತಿರಲಿಲ್ಲ, ಸಿಕ್ಕಿದರೂ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನಾವೇ ಬಳಿಯುವುದೆಂದಾಯಿತು. ಈ ಸಂದರ್ಭದಲ್ಲಿ ಭೀಮಸಮುದ್ರದಿಂದ ನನ್ನ ಭಾವಮೈದ ಓಂಕಾರಿ, ತನ್ನ ಮನೆಗೆ ಬಳಿದು ಉಳಿದಿದ್ದ ಎರಡು ಡಬ್ಬ ಬಣ್ಣವನ್ನು ಬೈಕಿನ ಎರಡೂ ಕಡೆ ನೇತುಹಾಕಿಕೊಂಡು ಬಂದಿಳಿದ. ಓಂಕಾರಿ ಗಿರಿಜಾಳ ತಮ್ಮ. ಅವನಿಗೆ ತಿಳಿಯದ ವಿಷಯ ಇಲ್ಲವೆಂದು ಅವನೂ ಅವನ ಅಕ್ಕನೂ ನಂಬಿದ್ದಾರೆ. ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ಬಹಳ ಹೊತ್ತು ಯೋಚಿಸಿದ.

“ಭಾವ, ಸುಮ್ನೆ ಮೇಲೆ ಬಳಿದ್ರೆ ಎಣ್ಣೆ ಮತ್ತೆ ಎದ್ದು ಬರ್ತೈತೆ. ಮೊದಲು ಎಣ್ಣೆ ತೆಗೀಬೇಕು.”

“ಹೇಗೆ?”

“ನೀವೇ ಹೇಳ್ರಿ. ಇದು ಎಲ್ಲಿಂದ ಬಂದಿರೋ ಎಣ್ಣೆ?”

“ತಲೆಯಿಂದ.”

“ತಲೇಲಿರೋ ಎಣ್ಣೆ ಯಾತ್ರಲ್ಲಿ ಹೋಗ್ತೈತೆ?”

“ಸೀಗೆಪುಡಿಯಲ್ಲಿ.”

“ಮತ್ತೆ?” ಎಂದು ಓಂಕಾರಿ ಕೈ ಬಿಚ್ಚಿ ತೋರಿಸಿದ.

ನನ್ನ ಸೇವಾವಧಿಯಲ್ಲಿ ಎಷ್ಟೋ ಟಿಪ್ಪಣಿಗಳನ್ನು ಓದಿದ್ದೇನೆ. ಇಷ್ಟು ಸರಳವಾದ, ಎಲ್ಲಿಯೂ ಆಕ್ಷೇಪಣೆಗೆ ಎಡೆಯಿಲ್ಲದ ಟಿಪ್ಪಣಿಯನ್ನು ಕಂಡಿರಲಿಲ್ಲ. ನಾನು ಮನಸ್ಸಿನಲ್ಲೇ ರುಜು ಹಾಕಿದೆ. ಹಿತ್ತಲ ಹಂಡೆಗೆ ಉರಿ ಹಾಕಿ ನೀರು ಕಾಯಿಸಿದೆವು. ಸೀಗೆಪುಡಿಯನ್ನು ಬೋಗುಣಿಯಲ್ಲಿ ಕಲಸಿದೆವು. ಓಂಕಾರಿ ಗೋಡೆಗೆ ಮೆತ್ತಿದ, ಗಿರಿಜಾ ತೆಂಗಿನ ನಾರಿನಿಂದ ಉಜ್ಜಿದಳು, ನಾನು ಚೊಂಬಿನಲ್ಲಿ ಬಿಸಿನೀರು ಹುಯ್ದೆ. ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡೇ ಹುಯ್ದದ್ದರಿಂದ ಅರ್ಧ ಓಂಕಾರಿಯ ಮೇಲೆ ಬಿತ್ತು.

ಉಜ್ಜುತ್ತ ಉಜ್ಜುತ್ತ ಗಿರಿಜಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

“ಇಷ್ಟು ತಲೆ ಅವೆ ಇಲ್ಲಿ. ಒಂದಾದ್ರೂ ಹೆಂಗಸಿಂದು ಐತಾ ನೋಡ್ರಿ.”

ನಾನು ನೋಡಿದೆ. ಇರಲಿಲ್ಲ.

“ನಿಮ್ಮವ್ವಂದು ಎಲ್ಲೈತೆ ಗೊತ್ತಾ? ಅಡಿಗೆಮನೆ ಬಾಗ್ಲಲ್ಲಿ. ಭುಜದ ಮಟ್ಟಕ್ಕೆ. ಗಂಡಸ್ರು ಮಾತು ಮುಗಿಸೋತನಕ ಅಲ್ಲೇ ಬಾಗ್ಲಿಗೆ ಒರಗಿಕಂಡು ನಿಂತಿರೋರು. ಈಗ ನಾನು ನಿಂತ್ಕಂತೀನಿ. ಅದೇ ಜಾಗದಲ್ಲೇ.”

ಹೋಗಿ ನೋಡಿದೆ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಒಂದು ಕಡೆ ಮರ ಸವೆದು ನುಣುಪಾಗಿ ಹೊಳೆಯುತ್ತಿತ್ತು. ಹುಟ್ಟಿದಾಗಿನಿಂದ ಈ ಬಾಗಿಲು ದಾಟಿ ಊಟಕ್ಕೆ ಹೋಗಿದ್ದೇನೆ. ವಾಪಸು ಬಂದು ಮತ್ತೊಂದು ಚೊಂಬು ನೀರು ಹುಯ್ದೆ, ಈ ಸಲ ಕಣ್ಣು ಬಿಟ್ಟುಕೊಂಡು.

ಅಂಗಡಿಯಿಂದ ಬಂದ ಸಿದ್ದೇಶ ಬಾಗಿಲಲ್ಲೇ ನಿಂತು, ನೊರೆ ಇಳಿಯುತ್ತಿದ್ದ ಗೋಡೆಯನ್ನೂ ನಮ್ಮ ಮೂವರನ್ನೂ ನೋಡಿ, “ಸಾಮ್ರಾಣಿ ಹೊಗೆ ಹಾಕಲ್ವೇನಪ್ಪ, ಶೀತ ಆದೀತು” ಎಂದು ಹೇಳಿ ಕೈಕಾಲು ತೊಳೆಯಲು ಹೋದ.

ಗೋಡೆಗೆ ಶೀತವಾಗಲಿಲ್ಲ. ಅದು ಸೀಗೆನೀರನ್ನು ಮನಸಾರೆ ಕುಡಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಂಗೈಯಗಲದ ಕಲೆಗಳಿದ್ದ ಕಡೆ ಮೊರದಗಲದ ಕಂದು ಭೂಪಟ. ಅಪ್ಪ, ರುದ್ರಪ್ಪ, ಚಿಕ್ಕಪ್ಪ, ನಾನು, ಎಲ್ಲರೂ ಗಡಿತಕರಾರುಗಳನ್ನು ಬಿಟ್ಟು ಒಂದಾಗಿದ್ದೆವು. ಓಂಕಾರಿ ನೋಡಿ, “ಎಣ್ಣೆ ಹೊರಗೆ ಬಂದೈತೆ ಭಾವ, ಒಳ್ಳೇದೇ ಆತು” ಎಂದ. ಗಿರಿಜಾ ಮೊದಲ ಬಾರಿಗೆ ತಮ್ಮನನ್ನು ಬೇರೆ ರೀತಿಯಲ್ಲಿ ನೋಡಿದಳು. ಅವನು ಆ ಮಧ್ಯಾಹ್ನದ ಬಸ್ಸಿನ ವೇಳೆ ವಿಚಾರಿಸಿದ. ಬೈಕಿನಲ್ಲಿ ಬಂದಿದ್ದನ್ನು ಮರೆತಿದ್ದ.

ಆಮೇಲೆ ಬಣ್ಣ. ಓಂಕಾರಿಯ ಡಬ್ಬಗಳಲ್ಲಿ ಒಂದು ಹಳದಿ, ಒಂದು ಗುಲಾಬಿ. ಪಕ್ಕದ ಮನೆಯವರು ಕೊಟ್ಟ ಕಾಲು ಡಬ್ಬ ಬಿಳಿ. ಮೂರನ್ನೂ ಬಕೆಟ್ಟಿನಲ್ಲಿ ಕಲಸಿ ಕೋಲಿನಿಂದ ತಿರುವಿದಾಗ ಬಂದ ಬಣ್ಣಕ್ಕೆ ಹೆಸರಿಲ್ಲ. ಆರಿಹೋದ ಬಾದಾಮಿ ಹಾಲಿನ ಬಣ್ಣ ಎಂದರೆ ಹತ್ತಿರ ಬರುತ್ತದೆ. ಒಂದರ ಮೇಲೊಂದು ಬಳಿದೆವು. ಬಬ್ಬೂರಿನವರು ಬರುವ ಹಿಂದಿನ ಸಂಜೆ ಗೋಡೆ ಒಂದು ಮಚ್ಚೆಯೂ ಇಲ್ಲದೆ ನಿಂತಿತ್ತು. ಗಿರಿಜಾ ಅದರ ಮುಂದೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಹೋದಳು.

ಬೆಳಿಗ್ಗೆ ಅಪ್ಪ ಬಂದಿದ್ದರು.

ಉಳಿದವರೆಲ್ಲ ಬಣ್ಣದ ಅಡಿಯಲ್ಲಿ ಒಪ್ಪಂದಕ್ಕೆ ಬಂದಿದ್ದರು. ಅಪ್ಪನದು ಮಾತ್ರ, ಬಾಗಿಲ ಎಡಕ್ಕೆ, ತನ್ನ ಜಾಗದಲ್ಲೇ, ದುಂಡಗೆ ಎದ್ದು ಕೂತಿತ್ತು. ಬದುಕಿದ್ದಾಗಲೂ ಅವರು ಯಾವ ವ್ಯವಹಾರದಲ್ಲೂ ಮೊದಲು ಎದ್ದು ಹೋದವರಲ್ಲ.

ಮರಳಿ ಬಳಿದರೆ ಒಣಗುವಷ್ಟು ಹೊತ್ತಿರಲಿಲ್ಲ. ಓಂಕಾರಿ, ಅವನು ಇನ್ನೂ ಹೋಗಿರಲಿಲ್ಲ, ದೇವರ ಫೋಟೋ ನೇತುಹಾಕಿದರೆ ಮುಚ್ಚುತ್ತದೆ ಎಂದ.

“ಅಷ್ಟು ಕೆಳಗೆ ದೇವ್ರಾ?” ಎಂದಳು ಗಿರಿಜಾ. “ಬಂದೋರು ದೇವ್ರ ಮಖಕ್ಕೆ ಬೆನ್ನು ಕೊಟ್ಕಂಡು ಕೂರ್ಲಿ ಅಂತಾನಾ? ಎದ್ದೋಗಲೇ ಅತ್ಲಾಗೆ.”

ಹೀಗೆ ಗೊಬ್ಬರದಂಗಡಿಯವರು ಕೊಟ್ಟಿದ್ದ, ಮೆಕ್ಕೆಜೋಳದ ತೆನೆಯ ಚಿತ್ರವಿದ್ದ ಕ್ಯಾಲೆಂಡರು ಆ ಜಾಗಕ್ಕೆ ನೇಮಕವಾಯಿತು. ಯಾರೂ ಅದರ ಹತ್ತಿರ ಸುಳಿಯಬಾರದೆಂದು ಪಕ್ಕದ ಮನೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಎದುರು ಗೋಡೆಯ ಸಾಲಿಗೆ ಹಾಕಿದೆವು.

ಬಬ್ಬೂರಿನಿಂದ ಮೂವರು ಬಂದರು. ಹುಡುಗಿಯ ತಂದೆ, ಹುಡುಗಿಯ ಸೋದರತ್ತೆ, ಮತ್ತು ಅಜ್ಜ. ತಂದೆ ಅಳತೆ ಮಾಡಿ ಮಾತಾಡುವ ಮನುಷ್ಯ. ಸೋದರತ್ತೆ ಮಾತಾಡದೆ ಅಳತೆ ಮಾಡುವವಳು. ಬಂದವಳೇ ಪರದೆ ಮುಟ್ಟಿ ನೋಡಿದಳು, ಗೋಡೆ ನೋಡಿದಳು, ಬಾಗಿಲ ಬಳಿಯ ಮೋಟರನ್ನು ನೋಡಿ, ಅದರಿಂದ ಹೊರಟ ಬಳ್ಳಿಯನ್ನು ನೋಡಿ, ಮತ್ತೊಮ್ಮೆ ಮೋಟರನ್ನು ನೋಡಿದಳು. ಅಜ್ಜ ಕುರಿ ಕಾಯ್ದು ಊರೂರು ತಿರುಗಿದ ಜೀವ. ಹೆಗಲ ಮೇಲೆ ಕರಿ ಕಂಬಳಿ, ತಲೆಯ ತುಂಬ ಬೆಳ್ಳಗಿನ ಕೂದಲು, ಕೂದಲ ತುಂಬ ಎಣ್ಣೆ. ಗಿರಿಜಾಳ ಕಣ್ಣು ಮೊದಲು ಹೋದದ್ದು ಆ ಎಣ್ಣೆಯ ಮೇಲೆ.

“ಕುಂತ್ಕಳ್ರಿ, ಕುರ್ಚಿ ಮೇಲೆ ಕುಂತ್ಕಳ್ರಿ” ಎಂದು ನಾನೂ ಗಿರಿಜಾಳೂ ಒಟ್ಟಿಗೆ ಹೇಳಿದೆವು.

“ಕುರ್ಚಿ ನಂಗಾಗಲ್ಲ ಕಣಪ್ಪ, ಕಾಲು ಜೋಮು ಹಿಡಿತಾವೆ” ಎಂದು ಅಜ್ಜ ಪಡಸಾಲೆಯನ್ನೆಲ್ಲ ಒಮ್ಮೆ ನೋಡಿ, ನೇರವಾಗಿ ಕ್ಯಾಲೆಂಡರಿನ ಮುಂದೆ ಕಂಬಳಿ ಹಾಸಿ ಕೂತರು. ಬಾಗಿಲಿಂದ ಬಂದು ಹಿತ್ತಲಿಗೆ ಹೋಗುವ ಗಾಳಿ ಅದೊಂದು ಜಾಗದಲ್ಲಿ ಸ್ವಲ್ಪ ನಿಂತು ಹೋಗುತ್ತದೆ. ಅಪ್ಪ ಅಲ್ಲಿ ಕೂರುತ್ತಿದ್ದದ್ದೂ ಅದಕ್ಕೇ.

ಅವರು ಹಿಂದಕ್ಕೆ ಒರಗಿದರು. ಕ್ಯಾಲೆಂಡರು ಚರಚರ ಎಂದಿತು. ತಿರುಗಿ ನೋಡಿದರು.

“ಇದ್ಯಾಕ್ರಿ ಇಲ್ಲಿ ಹಾಕೀರಿ? ಮನುಷ್ಯ ತಲೆ ಎಲ್ಲಿಡಬೇಕು?”

ಅಜ್ಜ ಕ್ಯಾಲೆಂಡರಿನ ತುದಿ ಎತ್ತಿ, ಸಂತೆಯಲ್ಲಿ ಟಗರಿನ ಬಾಯಿ ಬಿಡಿಸಿ ಹಲ್ಲು ನೋಡುವವರ ಹಾಗೆ ಬಗ್ಗಿ ಒಳಗೆ ನೋಡಿದರು. ಬೆರಳಿನಿಂದ ಮುಟ್ಟಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ಭುಜ ಆನಿಸಿ ನಿಂತಿದ್ದಳು. ಅವಳ ಮುಖವನ್ನು ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

“ಹರಳೆಣ್ಣೆ” ಎಂದರು ಅಜ್ಜ. “ಯಾರದು?”

“ನಮ್ಮಪ್ಪಂದು.”

“ಇನ್ನೂ ಅದಾರಾ?”

“ಇಲ್ಲ. ಹೋಗಿ ಬಹಳ ವರ್ಷ ಆಯ್ತು.”

ಅಜ್ಜ ಮತ್ತೊಮ್ಮೆ ಕಲೆ ನೋಡಿ, “ಗಾಣದ ಎಣ್ಣೆ ಇರಬೇಕು” ಎಂದು ಮೆಚ್ಚಿಕೊಂಡು, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅಪ್ಪ ತಲೆ ಇಡುತ್ತಿದ್ದ ಜಾಗದಲ್ಲೇ ತಲೆ ಇಟ್ಟರು. ಟೀ ಬರುವ ಹೊತ್ತಿಗೆ ಗೊರಕೆ ಬಂದಿತ್ತು.

ಹುಡುಗಿಯ ತಂದೆ ಗಡಿಯಾರ ನೋಡಿಕೊಂಡರು. ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದ ಡ್ರೈವರನ ಧ್ವನಿ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು: “ಸಾ, ಹೊಳಲ್ಕೆರೆ ಮನೆಯೋರು ಫೋನ್ ಮೇಲೆ ಫೋನ್ ಮಾಡ್ತಾವ್ರೆ, ಹೊರಡಾಣ?”

ಹಾಗೆ ತಿಳಿಯಿತು, ಅವರು ಅದೇ ದಿನ ಹೊಳಲ್ಕೆರೆಯಲ್ಲಿ ಇನ್ನೊಂದು ಗಂಡಿನ ಮನೆ ನೋಡಲಿದ್ದಾರೆಂದು. ಅದನ್ನು ಕೇಳಿದ್ದೇ ಸಿದ್ದೇಶ ಕಾಣೆಯಾದ. ಇಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದವನು ಹಿತ್ತಲಿಗೆ ಹೋಗಿ, ಕೆಡದೆ ಚೆನ್ನಾಗಿಯೇ ಇದ್ದ ನಮ್ಮ ನೀರಿನ ಮೋಟರನ್ನು ಬಿಚ್ಚತೊಡಗಿದ್ದ.

“ಎಬ್ಬಿಸಾಣ ಅಂದ್ರೆ ಸಿಟ್ಟು ಮಾಡ್ತಾರೆ” ಎಂದು ತಂದೆ ಪಿಸುಗುಟ್ಟಿದರು.

“ಅಲ್ಲ, ಅಪ್ಪಯ್ಯ ಹೊರಗೆ ಎಲ್ಲೂ ಹಿಂಗೆ ಮಲಗಲ್ಲ” ಎಂದಳು ಸೋದರತ್ತೆ, ಅವಳೂ ಪಿಸುಮಾತಿನಲ್ಲಿ. “ನಮ್ಮನೇಗೆ ಬಂದ್ರೂ ಅಳಿಯನ ಮನೆ ಅಂತ ಕುಂತೇ ಇರ್ತಾರೆ.”

ಮನೆ ನೋಡಲು ಬಂದವರು ಕಾಲು ಗಂಟೆಯಲ್ಲಿ ಹೊರಡುವುದು ವಾಡಿಕೆ. ಇವರು ಹೊರಡುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ.

ಪಿಸುಮಾತಿನಲ್ಲಿ ಗತ್ತು ತೋರಿಸುವುದು ಕಷ್ಟ. ಸ್ವಲ್ಪ ಹೊತ್ತಿನಲ್ಲಿ ಹುಡುಗಿಯ ತಂದೆ ನನ್ನ ಪಕ್ಕದ ಕುರ್ಚಿಗೆ ಬಂದು ತಮ್ಮ ಮಂಡಿನೋವಿನ ವಿಚಾರ ಹೇಳಿದರು. ನಾನು ನನ್ನ ಪಿಂಚಣಿಯ ವಿಚಾರ ಹೇಳಿದೆ. ಕ್ಯಾಲೆಂಡರನ್ನು, ಪಡಿತರಕ್ಕೆ ಸಾಲು ನಿಂತವನು ಕಾರ್ಡು ಹಿಡಿದ ಹಾಗೆ, ಎದೆಗೆ ಹಿಡಿದುಕೊಂಡೇ ಇದ್ದೆ. ಸೋದರತ್ತೆ ಎದ್ದು ಲೋಟ ತೊಳೆಯುವ ನೆಪದಲ್ಲಿ ಗಿರಿಜಾಳ ಹಿಂದೆ ಅಡುಗೆಮನೆಗೆ ಹೋದಳು. ಒಳಗಿಂದ ಪಿಸುಮಾತು, ಆಮೇಲೆ ಸಣ್ಣ ನಗು ಕೇಳಿಸಿತು. ಆಮೇಲೆ ಸೋದರತ್ತೆಯ ಧ್ವನಿ: “ಇದೇನಕ್ಕ, ಚಿಲಕಕ್ಕೆ ತಂತಿ ಸುತ್ತೀರಿ?”

“ಬ್ಯಾಡ, ಅದನ್ನ ತೆಗಿಬ್ಯಾಡ್ರಿ” ಎಂದು ಗಿರಿಜಾ ಹೇಳುವಷ್ಟರಲ್ಲಿ ತಂತಿ ಬಿಚ್ಚಿತ್ತು.

ಸಣ್ಣ ಕೋಣೆ ತನ್ನಲ್ಲಿದ್ದುದನ್ನೆಲ್ಲ ಹೊರಗೆ ಹಾಕಿತು. ಮೊದಲು ಸೈಕಲ್ಲು, ಅದರ ಮೇಲೆ ಮೂರು ಕಾಲಿನ ಮಂಚ, ಅಪ್ಪನ ತಕ್ಕಡಿಯ ತಟ್ಟೆಗಳು ಜಾಗಟೆಯ ಹಾಗೆ, ಅದರ ಹಿಂದೆ ಕಾಯಿರಾಶಿ. ತೆಂಗಿನಕಾಯಿಗಳು ಅಡುಗೆಮನೆಯ ಹೊಸ್ತಿಲು ದಾಟಿ ಪಡಸಾಲೆಗೆ ಉರುಳಿಬಂದವು. ಒಂದು ಕಾಯಿ ಸೀದಾ ಹೋಗಿ ಅಜ್ಜನ ಕಾಲಿಗೆ ಬಡಿದು ನಿಂತಿತು.

ಸದ್ದು ಅಡಗಿದ ಮೇಲೆ ಸೋದರತ್ತೆ ಕೋಣೆಯೊಳಗೆ ಇಣುಕಿ ನೋಡಿ ಗಿರಿಜಾಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ನಮ್ಮನೇಲೂ ಇಂಥದೊಂದು ಐತೆ ಬಿಡಕ್ಕ. ನಾವು ಬೀಗ ಹಾಕ್ತೀವಿ.”

ಅಜ್ಜ ಕಣ್ಣು ಬಿಟ್ಟರು. ಕಾಲ ಬಳಿಯ ಕಾಯಿಯನ್ನು ನೋಡಿದರು. ಮೀಸೆ ಒರೆಸಿಕೊಂಡು, ಅಡುಗೆಮನೆಯ ಕಡೆ ತಿರುಗಿ ಕೂಗಿದರು:

“ಮುದ್ದೆ ಆತೇನವ್ವ? ಹೊಟ್ಟೆ ಹಸಿದೈತೆ.”

ಹುಡುಗಿಯ ತಂದೆಯ ಕೈಯಲ್ಲಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತು. ಸೋದರತ್ತೆ ಕಾಯಿಗಳನ್ನು ದಾಟಿಕೊಂಡು ಓಡಿಬಂದಳು.

“ಅಪ್ಪಯ್ಯ, ಇದು ನಮ್ಮನೆ ಅಲ್ಲ. ಗಂಡಿನ ಮನೆ. ನೋಡಾಕೆ ಬಂದೀವಿ. ಇಲ್ಲಿ ಉಣ್ಣಂಗಿಲ್ಲ.”

ಅಜ್ಜ ಸುತ್ತ ನೋಡಿದರು. ಸೀರೆಯ ಪರದೆ, ಬಾದಾಮಿ ಹಾಲಿನ ಗೋಡೆ, ನೆಲದ ತುಂಬ ಕಾಯಿ, ಎದೆಗೆ ಕ್ಯಾಲೆಂಡರು ಒತ್ತಿಕೊಂಡು ನಿಂತ ನಾನು, ಸದ್ದಿಗೆ ಹಿತ್ತಲಿಂದ ಓಡಿಬಂದು ಗ್ರೀಸಿನ ಕೈಯಲ್ಲಿ ಕಾಯಿ ಆರಿಸುತ್ತಿದ್ದ ಸಿದ್ದೇಶ. ನಿದ್ದೆಗಣ್ಣಿನಲ್ಲಿ ಮರೆತು ಕೇಳಿದರೋ, ಇಲ್ಲವೋ, ಅವತ್ತಿನಿಂದ ಈವತ್ತಿನವರೆಗೆ ಎರಡೂ ಮನೆಯಲ್ಲಿ ಇದರ ಬಗ್ಗೆ ಒಮ್ಮತವಿಲ್ಲ.

“ಗೊತ್ತೈತೆ ಬಿಡವ್ವ” ಎಂದರು. “ತಟ್ಟೆ ಹಾಕ್ರಿ.”

ಗಿರಿಜಾ ಬಂದವರಿಗೆಂದು ಅಡುಗೆ ಮಾಡಿರಲಿಲ್ಲ. ಶಾಸ್ತ್ರದ ಪ್ರಕಾರ ಮಾಡಬಾರದು. ನಮಗೆಂದು ಮಾಡಿದ್ದ ಮುದ್ದೆ ಮತ್ತು ಹುರುಳಿಕಾಳಿನ ಸಾರು ಇತ್ತು. ಅವಳು ತಟ್ಟೆ ಹಿಡಿದುಕೊಂಡು ಬಂದು, ಎಲ್ಲಿಡಬೇಕೆಂದು ತಿಳಿಯದೆ, ಹುಡುಗಿಯ ತಂದೆಯ ಮುಖ ನೋಡಿದಳು. ಅವರು ತಂಗಿಯ ಮುಖ ನೋಡಿದರು. ಸೋದರತ್ತೆ ಒಂದು ಕಾಯಿಯನ್ನು ಕಾಲಿನಿಂದ ಸರಿಸಿ ಅಜ್ಜನ ಮುಂದೆ ಜಾಗ ಮಾಡಿದಳು.

“ಹೊಳಲ್ಕೆರೆಯೋರಿಗೆ ಫೋನ್ ಮಾಡಣ್ಣ” ಎಂದಳು. “ಬರಾಕಾಗಲ್ಲ ಅನ್ನು. ಡ್ರೈವರ್ನೂ ಊಟಕ್ಕೆ ಕರಿ.”

ಅಜ್ಜ ಎರಡು ಮುದ್ದೆ ಉಂಡರು. ಓಂಕಾರಿ ಗೋಡೆಗೆ ಬಣ್ಣ ಬಳಿದವನು ತಾನೇ ಎಂದು ಬಡಿಸುತ್ತ ಎಲ್ಲರಿಗೂ ತಿಳಿಸಿದ. ಹೊರಡುವಾಗ ಅಜ್ಜ ನನ್ನ ಕೈಯಿಂದ ಕ್ಯಾಲೆಂಡರು ಇಸಿದುಕೊಂಡು ತಾವೇ ಆ ಮೊಳೆಗೆ ಮತ್ತೆ ಸಿಕ್ಕಿಸಿದರು, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ.

“ಇದು ಇಲ್ಲೇ ಇರ್ಲಿ. ಮುಂದಿನ ಸಲ ಬಂದಾಗ ತೆಗೀತೀನಿ. ಯಾರ್ನೂ ಕೂರಿಸಬ್ಯಾಡ್ರಿ.”

ಗಾಡಿ ಓಣಿಯ ತಿರುವು ದಾಟಿದ ಮೇಲೆ ಒಳಗೆ ಬಂದೆ. ಸಿದ್ದೇಶ ಹಿತ್ತಲಲ್ಲಿ ಮೋಟರನ್ನು ಮತ್ತೆ ಜೋಡಿಸುತ್ತಿದ್ದ. ಸಿಳ್ಳೆ ಕೇಳುತ್ತಿತ್ತು. ಗಿರಿಜಾ ಪಡಸಾಲೆಯ ನೆಲದ ಮೇಲೆ, ಕಾಯಿಗಳ ನಡುವೆ, ಕಾಲು ಚಾಚಿ ಕೂತಿದ್ದಳು. ಕ್ಯಾಲೆಂಡರಿನಿಂದ ಒಂದು ಮೊಳ ಈಚೆಗೆ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅವಳು ಅಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ತಲೆಯನ್ನು ಹಿಂದಕ್ಕೆ ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದಳು.

“ಗಿರಿಜಾ, ಹೊಸ ಬಣ್ಣ...” ಎಂದೆ.

“ಆಗ್ಲಿ ಬಿಡ್ರಿ” ಎಂದಳು, ಕಣ್ಣು ತೆರೆಯದೆ. “ಒಂದು ಲೋಟ ಟೀ ಮಾಡ್ಕಂಡು ಬರ್ರಿ.”

ಟೀ ಮಾಡಲು ಹೋದೆ. ಸಕ್ಕರೆ ಎಲ್ಲಿದೆಯೆಂದು ಕೇಳಲು ವಾಪಸು ಬಂದವನು, ಅಡುಗೆಮನೆಯ ಬಾಗಿಲಿಗೆ ಭುಜ ಕೊಟ್ಟು ಸ್ವಲ್ಪ ಹೊತ್ತು ನಿಂತುಕೊಂಡೆ. ಅಲ್ಲಿಂದ ಪಡಸಾಲೆ ಪೂರ್ತಿಯಾಗಿ ಕಾಣುತ್ತದೆ.

ಮದುವೆಯಾಯಿತು. ಸೊಸೆ ಬಂದಳು. ಅವಳು ತಿಥಿ ನೋಡಲು ಕುಕ್ಕರಗಾಲಿನಲ್ಲಿ ಕೂರುವುದನ್ನು ಬೇಗ ಕಲಿತಳು. ಸಣ್ಣ ಕೋಣೆಗೆ ಬೀಗ ಹಾಕಿದ್ದೇವೆ. ಮೊನ್ನೆ ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದೆ: ಕ್ಯಾಲೆಂಡರಿನಿಂದ ಒಂದು ಮೊಳ ಈಚೆಗೆ, ಆರಿಹೋದ ಬಾದಾಮಿ ಹಾಲಿನ ಮೇಲೆ, ಅಂಗೈಗಿಂತ ಸ್ವಲ್ಪ ಚಿಕ್ಕದಾಗಿ ಒಂದು ಕಲೆ. ಹತ್ತಿರ ಹೋಗಿ ಮೂಗಿಟ್ಟು ನೋಡಿದೆ. ಗಿರಿಜಾಳ ಕೊಬ್ಬರಿ ಎಣ್ಣೆ.

ಮಾರ್ನೋಮಿ ಹತ್ತಿರ ಬಂದಿದೆ. ಬಣ್ಣದ ಮಾತನ್ನು ಈ ವರ್ಷ ಯಾರೂ ಎತ್ತಿಲ್ಲ. ಎತ್ತಿದರೆ ತಲೆಯಾಡಿಸುವುದೆಂದು ನಿರ್ಧರಿಸಿದ್ದೇನೆ.